ಸೊನ್ನೆ ಬರಬಾರದೆಂದು

ಅಕ್ಟೋಬರ್ 16, ಭಾನುವಾರ

ಇವತ್ತು ಊರ ಸಭೆ ನನ್ನನ್ನು ಸಿಂದಿಕೊ ಮಾಡಿತು. ಜನವರಿ ಒಂದರಿಂದ ಒಂದೂವರೆ ವರ್ಷ ಗಡಿಕಲ್ಲು, ಬೇಲಿ ಜಗಳ, ತಪ್ಪಿಸಿಕೊಂಡ ದನ, ಕುಡಿದು ಬಿದ್ದವರು, ಹೇಗೆ ಸತ್ತರೆಂದು ಗೊತ್ತಾಗದವರು, ಎಲ್ಲ ನನ್ನ ಪಾಲು. ಸಂಬಳವಿಲ್ಲ. ಸಂಬಳ ಕೊಟ್ಟರೆ ಆ ಕೆಲಸ ಬೇಕೆಂದು ಬರುವವರು ಹುಟ್ಟಿಕೊಳ್ಳುತ್ತಾರೆ ಎಂಬುದು ನಮ್ಮೂರು ಯಲೊಚಿಯ ಹಿರಿಯರ ಭಯ. ಈ ಊರಿನಲ್ಲಿ ಅಧಿಕಾರ ಬೇಕೆಂದು ಬಾಯಿಬಿಟ್ಟವನಿಗೆ ಅದು ಸಿಗುವುದಿಲ್ಲ, ಬೇಡವೆಂದವನನ್ನು ಅದು ಬಿಡುವುದಿಲ್ಲ.

ಆದದ್ದು ಹೀಗೆ. ಒಂದು ಸ್ಥಾನಕ್ಕೆ ಮೂರು ಹೆಸರು ಇಡಬೇಕು, ಮೂರರಲ್ಲಿ ಒಂದಕ್ಕೆ ಕೈ ಎತ್ತಬೇಕು. ಈ ಸಲ ತ್ರಾಂಕಿಲಿನೊನ ಸರದಿ ಎಂದು ಎಲ್ಲರಿಗೂ ಗೊತ್ತಿತ್ತು. ರಾತ್ರಿ ಕಾವಲಿನಿಂದ ಶುರುಮಾಡಿ ಊರಿನ ಚಾಕರಿಯ ಎಲ್ಲ ಮೆಟ್ಟಿಲು ಹತ್ತಿ ಬಂದವನು. ಎರಡನೆಯ ಹೆಸರು ಅಬುಂದಿಯೊ ಮಾವನದು. ಅವರಿಗೆ ಎಂಬತ್ತು ದಾಟಿದೆ, ಎರಡು ಸಲ ಸಿಂದಿಕೊ ಆಗಿ ಮುಗಿಸಿದ್ದಾರೆ. ಜಾಗ ತುಂಬಲು ಅವರ ಹೆಸರು ಪ್ರತಿ ಸಲವೂ ಇರುತ್ತದೆ. ಮೂರನೆಯದು ಹೆಂಗಸಿನದಾಗಿರಬೇಕು, ಇಲ್ಲದಿದ್ದರೆ ವಹಾಕಾ ನಗರದ ಸರ್ಕಾರಿ ಕಚೇರಿಯಲ್ಲಿ ಚುನಾವಣೆಯನ್ನೇ ಒಪ್ಪುವುದಿಲ್ಲ. ಸಭೆ ನಡೆಸುತ್ತಿದ್ದ ಫಿದೆನ್ಸಿಯೊ ಹೆಂಗಸರ ಬೆಂಚುಗಳತ್ತ ನೋಡಿದನಂತೆ. ಎಲ್ಲರೂ ಒಟ್ಟಿಗೆ ಶಾಲು ಸರಿಮಾಡಿಕೊಂಡರಂತೆ. ನಾನು ನನ್ನ ಹಿಟ್ಟಿನ ಗಿರಣಿಯ ಮೋಟಾರ್ ಆರಿಸಿದ್ದೆನೋ ಇಲ್ಲವೋ ನೋಡಿಬರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ನನ್ನ ಹೆಸರು ಹಲಗೆಯ ಮೇಲಿತ್ತು. ಸಭೆಯಿಂದ ಎದ್ದುಹೋದವರಿಗೆ ಏನಾಗುತ್ತದೆಂದು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆದರೂ ಎದ್ದು ಹೋದೆ.

ಫಿದೆನ್ಸಿಯೊ ಮರ್ಯಾದಸ್ಥ. ಹೆಂಗಸಿನ ಹೆಸರನ್ನು ಮೊದಲು ಕೂಗಿದ. "ಒಡಿಲಿಯಾ ಅಕ್ಕನಿಗೆ ಯಾರ್ಯಾರು?"

ಇಡೀ ಸಭಾಂಗಣ ಕೈ ಎತ್ತಿತು. ಎತ್ತಿದವರೇ ಅಕ್ಕಪಕ್ಕ ನೋಡಿ ಬೆಚ್ಚಿದರು. ಕೆಲವರು ಮೆಲ್ಲಗೆ ಇಳಿಸಲು ನೋಡಿದರು. ಎಣಿಸುವವನು "ಯಾರೂ ಅಲ್ಲಾಡ್ಬೇಡಿ, ತಪ್ಪೋಗುತ್ತೆ" ಎಂದು ಗದರಿದ. ತ್ರಾಂಕಿಲಿನೊನಿಗೆ ಹನ್ನೊಂದು ಕೈ ಉಳಿದವು. ಅಬುಂದಿಯೊ ಮಾವನಿಗೆ ಒಂದು. ಅದು ತ್ರಾಂಕಿಲಿನೊನದು, ತನಗೆ ತಾನೇ ಎತ್ತಿಕೊಳ್ಳುವುದು ಸಭ್ಯತೆಯಲ್ಲವಲ್ಲ.

ನಾನು ಎದ್ದುನಿಂತು ಏನೋ ತಪ್ಪಾಗಿದೆ ಎಂದೆ. ಸ್ಪ್ಯಾನಿಶ್‌ನಲ್ಲಿ ಅಂದೆ. ಹುಟ್ಟಿದ್ದು ಇಲ್ಲೇ, ಮನೆಮಾತು ಸಪೊತೆಕ್. ಆದರೆ ಏಳನೆಯ ವರ್ಷಕ್ಕೆ ನಗರದ ಕಾನ್ವೆಂಟಿಗೆ ಕಳಿಸಿದರು, ಮದುವೆಯಾಗಿ ವಾಪಸು ಬಂದೆ. ಗಾಬರಿಯಾದರೆ ಸಿಸ್ಟರುಗಳ ಭಾಷೆಯೇ ಬಾಯಿಗೆ ಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಟೋಬರ್ 17

ಬೆಳಿಗ್ಗೆ ಗಿರಣಿಯ ಮುಂದೆ ಎಂದಿಗಿಂತ ಉದ್ದದ ಸಾಲು. ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳದ ಬಕೀಟು ಹಿಡಿದು ಎಲ್ಲರೂ ನೆಲ ನೋಡುತ್ತಿದ್ದರು. ಎರ್ಮೆಲಿಂದಾ ಮಾತ್ರ ನನ್ನ ಮುಖ ನೋಡಿದಳು. ಅವಳ ಮಗಳಿಗೆ ಜ್ಞಾನಸ್ನಾನದ ದಿನ ನಾನು ತಾಯಿಯ ಸ್ಥಾನದಲ್ಲಿ ನಿಂತವಳು, ಆವತ್ತಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ.

"ಕೊಮಾದ್ರೆ, ಬಕೀಟು ಇಡ್ಲಾ, ಇಲ್ಲಾ ಮೊದ್ಲು ಅರ್ಜಿ ಕೊಡ್ಲಾ?"

"ನೀನೂ ಕೈ ಎತ್ತಿದ್ಯಾ?"

"ಎತ್ತದೆ? ನಿಂಗೆ ಸೊನ್ನೆ ಬರೋದನ್ನ ನೋಡ್ಕೊಂಡು ಕೂತಿರ್ಲಾ? ಒಂದಾದ್ರೂ ಇರ್ಲಿ ಅಂತ ಎತ್ತಿದೆ. ಮಿಕ್ಕೋರೆಲ್ಲ ತ್ರಾಂಕಿಲಿನೊಗೆ ಎತ್ತುತಾರೆ ಅಂತ ನಂಬಿದ್ದೆ."

"ನಾನೂ ಅದಕ್ಕೇ," ಎಂದಳು ಅವಳ ಹಿಂದಿದ್ದವಳು. "ನಾನೂನೂ," ಎಂದಳು ಅವಳ ಹಿಂದಿದ್ದವಳು. ಹೀಗೆ ಸಾಲಿನ ಕೊನೆಯವರೆಗೂ ಹೋಯಿತು. ಕೊನೆಯಲ್ಲಿ ದೆಲ್ಫಿನಾ ಇದ್ದಳು. ತ್ರಾಂಕಿಲಿನೊನ ಹೆಂಡತಿ.

"ನನ್ನ ಗಂಡಂಗೆ ಊರೇ ಇದೆ, ನಾನೊಬ್ಳು ಬಿಟ್ರೆ ಏನ್ ಮಹಾ ಅಂದ್ಕೊಂಡೆ," ಅಂದಳು. "ನಿನ್ನೆಯಿಂದ ಮನೇಲಿ ಮಾತಿಲ್ಲ. ಒಂಥರಾ ಆರಾಮಾಗಿದೆ."

ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ಮಿಕ್ಕವರನ್ನು ನಂಬಿದ್ದರು. ನನ್ನನ್ನು ನಂಬಿ ಎತ್ತಿದವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಉತ್ತರ ಸಿಕ್ಕಾಗಿತ್ತು.

ಅಕ್ಟೋಬರ್ 21

ಫಿದೆನ್ಸಿಯೊನ ಮನೆಗೆ ಹೋದೆ. ಹುರುಳಿಕಾಯಿ ಒಣಗಲು ಹಾಕುತ್ತಿದ್ದ.

"ಎಲ್ಲರೂ ಕನಿಕರಕ್ಕೆ ಎತ್ತಿದ್ದು, ಫಿದೆನ್ಸಿಯೊ. ಒಬ್ಬೊಬ್ಬರನ್ನೂ ಕೇಳಿದೀನಿ."

"ಗೊತ್ತಕ್ಕ. ನಾನೂ ಅದಕ್ಕೇ ಎತ್ತಿದ್ದು."

"ಹಾಗಾದ್ರೆ ರದ್ದು ಮಾಡು."

"ಮಾಡ್ಬೋದು. ಸಭೇಲಿ ಒಬ್ಬೊಬ್ರೂ ಎದ್ದು ನಿಂತು, 'ಒಡಿಲಿಯಾನ ನೋಡಿ ಪಾಪ ಅನ್ನಿಸ್ತು, ಅದಕ್ಕೆ ಎತ್ತಿದೆ' ಅನ್ಬೇಕು. ನಿನ್ನೆದುರಿಗೆ ಯಾರು ಹಾಗಂತಾರೆ? ನಿಂಗೆ ಅವಮಾನ ಆಗಲ್ವಾ?"

"ಗಿರಣೀಲಿ ಅಂದ್ರಲ್ಲ."

"ಗಿರಣಿ ಬೇರೆ, ಸಭೆ ಬೇರೆ."

ಉಳಿದದ್ದು ಒಂದೇ ದಾರಿ. ಡಿಸೆಂಬರ್ ನಾಲ್ಕಕ್ಕೆ ಮತ್ತೆ ಸಭೆಯಿದೆ. ಅಲ್ಲಿ ಬಿಡುಗಡೆ ಕೇಳಬಹುದು. ಕಾರಣ ಗಟ್ಟಿಯಾಗಿರಬೇಕು. "ಕಾಯಿಲೆ ಗೀಯಿಲೆ ಏನಾದ್ರೂ ಇದ್ಯಾ?" ಎಂದು ಆಸೆಯಿಂದ ಕೇಳಿದ. ಇಲ್ಲವೆಂದೆ. ಅವನಿಗೆ ಬೇಜಾರಾಯಿತು.

ಕೇಳದೆ ಕೆಲಸ ಬಿಟ್ಟುಬಿಟ್ಟರೆ ಊರಿನಿಂದ ಹೆಸರು ತೆಗೆಯುತ್ತಾರೆ. ನಲ್ಲಿಯಲ್ಲಿ ನೀರಿಲ್ಲ, ಸ್ಮಶಾನದಲ್ಲಿ ಜಾಗವಿಲ್ಲ. ನನ್ನ ಗಂಡ ಸೆಲೆಸ್ತಿನೊ ಅಲ್ಲಿ ಒಂಬತ್ತು ವರ್ಷದಿಂದ ಮಲಗಿದ್ದಾನೆ. ಬದುಕಿದ್ದಾಗ ಅವನ ಗೊರಕೆಗೆ ಬೇಸತ್ತು ಬೇರೆ ಮಂಚ ಮಾಡಿಸಿಕೊಂಡಿದ್ದೆ, ನಿಜ. ಆದರೆ ಅದು ಬೇರೆ ಮಾತು.

ಡಿಸೆಂಬರ್ ನಾಲ್ಕಕ್ಕೆ ಸರಿಯಾಗಿ ಕೇಳಿ, ಸರಿಯಾಗಿ ಬಿಡಿಸಿಕೊಳ್ಳುತ್ತೇನೆ.

ಅಕ್ಟೋಬರ್ 30

ಇಬ್ಬರು ವಾರಗಿತ್ತಿಯರು ಗಿರಣಿಯ ಸಾಲು ಮುರಿದು ನುಗ್ಗಿದರು. ಸತ್ತವರ ಹಬ್ಬಕ್ಕೆಂದು ಒಬ್ಬಳು ಸಾಕಿದ ಟರ್ಕಿ ಕೋಳಿಯನ್ನು ಇನ್ನೊಬ್ಬಳ ನಾಯಿ ಹಿಡಿದಿದೆ.

"ನಾನಿನ್ನೂ ಸಿಂದಿಕೊ ಅಲ್ಲ. ಜನವರಿಗೆ ಬನ್ನಿ," ಎಂದೆ.

"ಜನವರಿವರೆಗೂ ಕೋಳಿ ಇರುತ್ತಾ?"

"ಎಷ್ಟು ಉಳಿದಿದೆ?"

"ಅರ್ಧ."

"ಅರ್ಧ ಕೋಳಿ ಅವಳದು. ಸಾರಿಗೆ ಹಾಕೋ ಮೆಣಸಿನಕಾಯಿ, ಚಾಕಲೇಟು, ಮೇಲೆ ಸೌದೆ ನಾಯಿಯವಳದು. ಒಂದೇ ಪಾತ್ರೇಲಿ ಅಡುಗೆ ಮಾಡಿ ಎರಡು ಮನೆಯ ಸತ್ತವರಿಗೂ ಎಡೆ ಇಡಿ. ಸತ್ತವರು ಅಣ್ಣತಮ್ಮಂದಿರೇ ಅಲ್ವಾ?"

"ನಾಯಿ ಬಾಯಿ ಹಾಕಿದ್ದು!"

"ಬಾಯಿ ಹಾಕದ ಕಡೆಯಿಂದ ಮಾಡಿ."

ಸಾಲು ಮುಂದೆ ಹೋಗಲಿ ಎಂದು ಹೇಳಿದ ಮಾತು. ಅದನ್ನು ತೀರ್ಪು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ನವೆಂಬರ್ 6

ನಾಲ್ಕು ಜನ ಬಂದಿದ್ದರು, ಒಬ್ಬರೂ ಹಿಟ್ಟಿಗಲ್ಲ. ಜನವರಿಗೆ ಬನ್ನಿ ಎಂದು ಕಳಿಸಿದೆ. ವಿಧವೆ ಮಕಾರಿಯಾಳ ಮನೆಗೆ ನೀರು ಏರುತ್ತಿಲ್ಲವಂತೆ. ಆ ಕೊಳವೆಯನ್ನು ಮಾತ್ರ ಹೋಗಿ ನೋಡಿಬಂದೆ, ದಾರಿಯಲ್ಲೇ ಇತ್ತು.

ದಾರಿಯಲ್ಲಿರಲಿಲ್ಲ. ಗುಡ್ಡದ ಆಚೆ ಇತ್ತು. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

ನವೆಂಬರ್ 13, ಭಾನುವಾರ

ತ್ರಾಂಕಿಲಿನೊ ಬಂದ. ಟೋಪಿಯನ್ನು ಎದೆಗೆ ಹಿಡಿದು ಹೊಸ್ತಿಲಿನಾಚೆಯೇ ನಿಂತ.

"ಅಕ್ಕ, ನಿಂಗೆ ಇದು ಕಷ್ಟ. ಹಾಗಂತ ನಂಗೆ ಬೇಕು ಅಂತಲ್ಲ."

"ನಿಂಗೆ ಬೇಡ ಅಂತ ಗೊತ್ತು."

"ಬೇಡ್ವೇ ಬೇಡ. ಊರಿಗೋಸ್ಕರ ಅಷ್ಟೇ."

"ಊರಿಗೋಸ್ಕರ."

"ನೀನು ಬೆನ್ನುನೋವು ಅನ್ನು. ಬೆನ್ನೊಳಗೆ ಯಾರೂ ಇಣುಕಿ ನೋಡಲ್ಲ. ಮಿಕ್ಕಿದ್ದು ನಂಗೆ ಬಿಡು."

ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲ. ಹೂಂ ಎನ್ನಬೇಕಾಗಿತ್ತು. ಅದರ ಬದಲು, ತೊರೆಯ ಮೇಲಿನ ಗಡಿಕಲ್ಲು ಎಲ್ಲಿದೆ ಎಂದು ಕೇಳಿದೆ. ಸರಿಯಾಗಿ ಹೇಳಿದ. ಮಳೆಗೆ ಕೊಚ್ಚಿಹೋದ ಕಲ್ಲಿನ ಜಾಗ? ಅದನ್ನೂ ಹೇಳಿದ. ಮಕಾರಿಯಾಳ ಕೊಳವೆ ಯಾಕೆ ಏರುತ್ತಿಲ್ಲ?

"ಯಾವ ಕೊಳವೆ?" ಅಂದ.

ನನಗೆ ಒಂದು ಬಗೆಯ ಸಮಾಧಾನವಾಯಿತು. ಸಮಾಧಾನವಾಗುವಂಥದ್ದು ಅದರಲ್ಲೇನಿತ್ತೋ ಗೊತ್ತಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ತ್ರಾಂಕಿಲಿನೊ ಕೆಟ್ಟವನಲ್ಲ, ಕುಡಿಯುವುದಿಲ್ಲ, ಗಡಿ ಬಲ್ಲವನು. ನಡೆಯುವಾಗ ಮಾತ್ರ ಸ್ವಲ್ಪ ಕೈ ಬೀಸುತ್ತಾನೆ.

ನವೆಂಬರ್ 19

ಪಕ್ಕದ ಸಾಂತಾ ಆನಾ ಊರಿನ ಕಡೆಯ ಗಡಿಯಲ್ಲಿ ಪೊದೆ ಕಡಿಯುವ ದಿನ. ಬರುವ ವರ್ಷದ ಸಿಂದಿಕೊ ಹೋಗಲೇಬೇಕು ಎಂದರು. ನಾನು ಸಿಂದಿಕೊ ಆಗುವುದಿಲ್ಲ ಎಂದೆ. ಆಗದಿದ್ದರೂ ಹೋಗಬೇಕು ಎಂದರು. ಅಬುಂದಿಯೊ ಮಾವ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಡೆದರು.

ನಮ್ಮ ಕಡೆಯ ಹುರುಳಿಕಾಯಿ ಹೊಲದಲ್ಲಿ ಸಾಂತಾ ಆನಾದ ಗೂಳಿಯೊಂದು ಮೇಯುತ್ತಿತ್ತು. ಗಂಡಸರಿಗೆ ಹಬ್ಬವಾಯಿತು.

"ದೊಡ್ಡಿಗೆ ಹಾಕಿ! ದಂಡ ಕಟ್ಟೋವರ್ಗೂ ಬಿಡೋದ್ಬೇಡ!"

"ಇವತ್ತೇ ವಾಪಸು ಹೊಡ್ಕೊಂಡು ಹೋಗಿ ಬಿಟ್ಟುಬನ್ನಿ," ಎಂದೆ.

"ಅವರು ನಮ್ಮ ದನಾನ ಯಾವತ್ತಾದ್ರೂ ಹಾಗೆ ಬಿಟ್ಟಿದಾರಾ ಅಕ್ಕ?"

"ಇಲ್ಲ."

"ಮತ್ತೆ?"

ಮತ್ತೆ ಏನೆಂದು ನನಗೂ ತಿಳಿದಿರಲಿಲ್ಲ. ಅವರು ಕೇಳಿದ ಮೇಲೆ ಕೊಟ್ಟರೆ ಅದು ಸೋಲು, ಕೇಳುವ ಮೊದಲೇ ಕೊಟ್ಟರೆ ಏನೆಂದು ಅವರಿಗೆ ಅರ್ಥವಾಗುವುದಿಲ್ಲ, ಸ್ವಲ್ಪ ದಿನ ಯೋಚಿಸುತ್ತ ಕೂರುತ್ತಾರೆ ಎಂದೆ. ಗಂಡಸರು ಅಬುಂದಿಯೊ ಮಾವನ ಮುಖ ನೋಡಿದರು.

"ಹುಡುಗಿ ಹೇಳೋದು ಸರಿಯಿಲ್ಲ," ಎಂದರು ಮಾವ. ನನಗೆ ನಲವತ್ತಾರು. "ಆದ್ರೂ ಮಾಡಿ ನೋಡಿ. ಕೆಟ್ಟರೆ ಅವಳ ತಲೆಗೆ ಕಟ್ಟೋಣ. ಸಿಂದಿಕೊ ಅಂತ ಇಟ್ಕೊಳ್ಳೋದೇ ಅದಕ್ಕೆ."

ಇಬ್ಬರು ಗೂಳಿಯನ್ನು ಹೊಡೆದುಕೊಂಡು ಹೋಗಿ ಬಿಟ್ಟುಬಂದರು. 

ನವೆಂಬರ್ 24

ಸಾಂತಾ ಆನಾದಿಂದ ಒಂದು ಮಾತೂ ಬಂದಿಲ್ಲ. ಗೂಳಿ ಮಾತ್ರ ಮತ್ತೆ ಬಂದಿದೆ.

ನವೆಂಬರ್ 25

ಮತ್ತೆ ಬಿಟ್ಟುಬಂದೆವು.

ನವೆಂಬರ್ 29

ಗೂಳಿ ಮೂರನೆಯ ಸಲ ಬಂತು. ಈ ಸಲ ಕೊರಳಿಗೆ ಗಂಟೆ ಕಟ್ಟಿದ್ದಾರೆ. ಹೊಲಕ್ಕೆ ಇಳಿಯುವ ಮೊದಲೇ ನಮಗೆ ಗೊತ್ತಾಗಲಿ ಎಂದಿರಬೇಕು. ಅಬುಂದಿಯೊ ಮಾವ ಇದನ್ನು ಒಪ್ಪಂದ ಎನ್ನುತ್ತಾರೆ. ಅವರ ಕಾಲದಲ್ಲಿ ಇಷ್ಟಕ್ಕೆ ಹನ್ನೆರಡು ವರ್ಷ ಹಿಡಿಯಿತಂತೆ.

ಮಕಾರಿಯಾಳ ಮನೆಗೆ ನೀರು ಏರಿತು. ಕೊಳವೆಯಲ್ಲಿ ಕಪ್ಪೆ ಇತ್ತು.

ಡಿಸೆಂಬರ್ 3

ನಾಳೆ ಸಭೆ. ಏನು ಹೇಳಬೇಕೆಂದು ಸ್ಪ್ಯಾನಿಶ್‌ನಲ್ಲಿ ಬರೆದುಕೊಂಡೆ. ಚೆನ್ನಾಗಿ ಬಂದಿದೆ. ಬೆನ್ನುನೋವನ್ನು ಸೇರಿಸಿದೆ, ತೆಗೆದೆ, ಮತ್ತೆ ಸೇರಿಸಿದೆ, ತೆಗೆದೆ. ನಾಳೆ ಈ ಹೊತ್ತಿಗೆ ನಾನು ಬರಿಯ ಗಿರಣಿಯವಳು. ಒಂದೂವರೆ ತಿಂಗಳಿನಿಂದ ಕಾಯುತ್ತಿರುವ ದಿನ. ಊಟ ಸೇರಲಿಲ್ಲ.

ಡಿಸೆಂಬರ್ 4, ಭಾನುವಾರ

ಎಲ್ಲವನ್ನೂ ಆದ ಹಾಗೆಯೇ ಬರೆಯಬೇಕು.

ಫಿದೆನ್ಸಿಯೊ ಕರೆದ, ಎದ್ದುನಿಂತೆ. ಬರೆದುಕೊಂಡ ಹಾಳೆ ಶಾಲಿನೊಳಗೇ ಉಳಿಯಿತು. "ನಂಗೆ ಕಾಯಿಲೆ ಇಲ್ಲ. ಆವತ್ತು ನೀವೆಲ್ಲ ಯಾಕೆ ಕೈ ಎತ್ತಿದ್ರಿ ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ಯಾರ ತಪ್ಪೂ ಅಲ್ಲ. ನನ್ನನ್ನ ಬಿಟ್ಟುಬಿಡಿ," ಎಂದೆ. ಇಷ್ಟೇ.



"ಅಕ್ಕನ್ನ ಬಿಡೋದಕ್ಕೆ ಯಾರ್ಯಾರು ಒಪ್ತೀರಿ?" ಎಂದ ಫಿದೆನ್ಸಿಯೊ.

ಇಡೀ ಸಭಾಂಗಣ ಕೈ ಎತ್ತಿತು. ಎತ್ತಿ, ಅಕ್ಕಪಕ್ಕ ನೋಡಿ, ಬೆಚ್ಚಿತು. ನಾನು ಕೇಳಿದ್ದಕ್ಕೆ ಒಂದು ಕೈಯೂ ಏಳದಿದ್ದರೆ ನನಗೆ ಎಷ್ಟು ನೋವಾಗುತ್ತದೆ ಎಂದು ಪ್ರತಿಯೊಬ್ಬರೂ ಯೋಚಿಸಿದ್ದರು. ಮುಂದಿನ ಬೆಂಚಿನಲ್ಲಿ ಯಾರೋ "ಥೂ, ಮತ್ತೆ ಹಂಗೇ ಆಯ್ತಲ್ಲ" ಎಂದರು. ಎಣಿಸುವವನು ಎಣಿಸಲೇ ಇಲ್ಲ.

ಬಿಡುಗಡೆಯಾಯಿತು. ಧನ್ಯವಾದ ಹೇಳಿ ಕೂತೆ. ಬೇಕಾದದ್ದು ಸಿಕ್ಕಿದ ಮೇಲೆ ಮನಸ್ಸು ಹಗುರಾಗಬೇಕು. ಬೆಂಚು ತಣ್ಣಗೆ ಕೊರೆಯುತ್ತಿತ್ತು, ಅದೊಂದೇ ಗಮನಕ್ಕೆ ಬಂದದ್ದು.

ಮತ್ತೆ ಮೂರು ಹೆಸರು ಬೇಕು. ತ್ರಾಂಕಿಲಿನೊ, ಸರಿ. ಅಬುಂದಿಯೊ ಮಾವ, ಸರಿ. ಇನ್ನೊಂದು ಹೆಂಗಸಿನ ಹೆಸರು. ಹೆಂಗಸರು ಶಾಲು ಸರಿಮಾಡಿಕೊಂಡರು.

ನಾನು ಕೈ ಎತ್ತಿದೆ. ಗೂಳಿ ಬಂದರೆ ಏನು ಮಾಡಬೇಕೆಂದು ಹೊಸ ಸಿಂದಿಕೊಗೆ ಹೇಳಬೇಕಿತ್ತು, ಅದಕ್ಕೇ ಎತ್ತಿದ್ದು ಎಂದು ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ.

"ಯಾರ ಹೆಸರಕ್ಕ?" ಎಂದ ಫಿದೆನ್ಸಿಯೊ.

"ನಂದೇ," ಎಂದೆ.

ಈ ಊರಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿದವರನ್ನು ನಾನು ಕಂಡಿಲ್ಲ. ಅಬುಂದಿಯೊ ಮಾವನೂ ಕಂಡಿಲ್ಲವಂತೆ. "ಅಯ್ಯೋ, ಈಗ ಬಂತು ನೋಡಿ ಕಾಯಿಲೆ," ಎಂದರು ಅವರು, ಗಟ್ಟಿಯಾಗಿ. ಯಾರೋ ನಕ್ಕರು. ತುಂಬ ಜನ ನಗಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವಳು ಒಂದು ಗೇಣು ಸರಿದು ಕೂತಳು.

ಫಿದೆನ್ಸಿಯೊ ಈ ಸಲ ನನ್ನ ಹೆಸರನ್ನು ಕೊನೆಗಿಟ್ಟ. ತ್ರಾಂಕಿಲಿನೊನಿಗೆ ಸಭಾಂಗಣದ ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. ಮಾವನಿಗೆ ಯಥಾಪ್ರಕಾರ ತ್ರಾಂಕಿಲಿನೊನ ಒಂದು. ಆಮೇಲೆ ನನ್ನದು.

ಮೂವತ್ತನಾಲ್ಕು ಎಂದ ಎಣಿಸುವವನು. ನಾನು ಎಣಿಸುತ್ತಿರಲಿಲ್ಲ, ಮುಖಗಳನ್ನು ನೋಡುತ್ತಿದ್ದೆ. ಇಬ್ಬರು ವಾರಗಿತ್ತಿಯರು. ಮಕಾರಿಯಾ. ಗೂಳಿ ಹೊಡೆದುಕೊಂಡು ಹೋದ ಇಬ್ಬರಲ್ಲಿ ಒಬ್ಬ. ಅಬುಂದಿಯೊ ಮಾವ ಎರಡೂ ಕೈ ಎತ್ತಿದ್ದರು, ಒಂದು ಇಳಿಸಿ ಎಂದು ಹೇಳಬೇಕಾಯಿತು. ದೆಲ್ಫಿನಾ ಗಂಡನ ಮುಖವನ್ನೇ ನೋಡುತ್ತ ನೆಟ್ಟಗೆ ಎತ್ತಿದ್ದಳು. ಯಾರೂ ಅಕ್ಕಪಕ್ಕ ನೋಡಲಿಲ್ಲ. ತಾನೇ ಕೇಳಿದವಳಿಗೆ ಕನಿಕರ ತೋರಿಸುವ ಪದ್ಧತಿ ಇಲ್ಲಿಲ್ಲ.

ಎರ್ಮೆಲಿಂದಾ ಎತ್ತಿರಲಿಲ್ಲ.

ಎರಡನೆಯವರು ಬದಲಿ ಸಿಂದಿಕೊ ಆಗುವುದು ನಿಯಮ. ತ್ರಾಂಕಿಲಿನೊ ಊರಲ್ಲಿ ಇಲ್ಲದ ದಿನ ಮಾತ್ರ ನನ್ನ ಕೆಲಸ. ಅವನು ಹನ್ನೊಂದು ವರ್ಷದಿಂದ ಊರು ಬಿಟ್ಟು ಎಲ್ಲೂ ಹೋಗಿಲ್ಲ.

ಡಿಸೆಂಬರ್ 5

"ಕೋಪಾನಾ ಕೊಮಾದ್ರೆ?" ಎಂದಳು ಎರ್ಮೆಲಿಂದಾ, ಬಕೀಟು ಇಡುವ ಮೊದಲೇ.

"ಇಲ್ಲ."

"ನೀನು ಕಚೇರಿಗೆ ಹೋದ್ರೆ ನಮಗೆ ಹಿಟ್ಟು ಯಾರು ಬೀಸ್ಕೊಡ್ತಾರೆ? ಅದಕ್ಕೇ ಎತ್ತಲಿಲ್ಲ."

"ನಿಜ ಹೇಳು."

ಜೋಳದಲ್ಲಿ ಕೈಯಾಡಿಸಿದಳು. "ನಿಜ ಅಂದ್ರೆ, ತ್ರಾಂಕಿಲಿನೊ ಹೇಗೆ ಅಂತ ಗೊತ್ತು. ಅವನ ಜಂಬಾನೂ ಗೊತ್ತು. ನೀನು ಒಳ್ಳೆಯವಳೇ. ಆದ್ರೆ ಹೆದರಿದ್ರೆ ಸ್ಪ್ಯಾನಿಶ್ ಶುರು ಮಾಡ್ತೀಯ. ಆಗ ನೀನು ಯಾರ ಕಡೆ ಅಂತ ನಂಗೆ ಗೊತ್ತಾಗಲ್ಲ."

"ನಿನ್ನೆ ನಾನು ಸ್ಪ್ಯಾನಿಶ್ ಆಡಿದ್ನಾ?"

ಅವಳು ಕೈಗಂಟಿದ ಜೋಳ ಕೊಡವಿದಳು. "ಇಲ್ಲ ಕಣೇ. ನಿನ್ನೆ ಆಡ್ಲಿಲ್ಲ," ಎಂದಳು. "ಒಂದು ಸಲಕ್ಕೆ ಹೇಗೆ ನಂಬೋದು? ಇನ್ನೂ ನೋಡೋಣ."

ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವಳು ನನಗೆ ಹೇಳಿದ ಮೊದಲ ಒರಟು ಮಾತು. ಅವಳ ಹಿಟ್ಟನ್ನು ಎರಡು ಸಲ ಬೀಸಿದೆ, ನುಣ್ಣಗಾಗಲೆಂದು.

ಜನವರಿ 1

ತ್ರಾಂಕಿಲಿನೊನಿಗೆ ಅಧಿಕಾರದ ದಂಡ ಕೊಟ್ಟರು. ವಾದ್ಯ ಬಾರಿಸಿದರು. ಬದಲಿಯವರಿಗೆ ದಂಡವಿಲ್ಲ, ಹಿಂದಿನ ಸಾಲಿನಲ್ಲಿ ನಿಂತು, ಜೋಳದ ಹಿಟ್ಟಿನ ಬಿಸಿ ಬಿಸಿ ತಮಾಲೆ ಕಡುಬು ತಿಂದೆ.

ಎಲ್ಲ ಮುಗಿದ ಮೇಲೆ ತ್ರಾಂಕಿಲಿನೊ ನನ್ನ ಹತ್ತಿರ ಬಂದ. ದಂಡವನ್ನು ಹೇಗೆ ಹಿಡಿಯಬೇಕೆಂದು ಇನ್ನೂ ರೂಢಿಯಾಗಿಲ್ಲ, ಕೊಡೆಯ ಹಾಗೆ ಹಿಡಿದಿದ್ದ. ಕೈ ಬೀಸಲು ಆಗುತ್ತಿರಲಿಲ್ಲ.

"ಬದಲಿ ಅಂದ್ರೆ ನಾನು ಊರಲ್ಲಿ ಇಲ್ದೇ ಇದ್ದಾಗ ಮಾತ್ರ ಅಕ್ಕ. ನಿಯಮ ಹಾಗಿದೆ."

"ಗೊತ್ತಪ್ಪ."

"ನಾಳೆ ನಾನು ಊರಲ್ಲಿ ಇರಲ್ಲ."

"ಎಲ್ಲಿಗೆ ಹೋಗ್ತಿದೀಯಾ?"

"ಇನ್ನೂ ಗೊತ್ತಿಲ್ಲ," ಎಂದ. "ದೆಲ್ಫಿನಾ ಹೇಳ್ತಾಳೆ."

ನಾಡಿದ್ದು? ನಾಡಿದ್ದು ಬರುತ್ತಾನಂತೆ. ಗುರುವಾರ ಮತ್ತೆ ಇರುವುದಿಲ್ಲವಂತೆ. ಇದನ್ನು ಕನಿಕರ ಎನ್ನಬೇಕೇ ಎಂದು ಕೇಳಲು ಹೊರಟಿದ್ದೆ. ಅವನು ಮಕಾರಿಯಾಳ ಮನೆಯ ಕೊಳವೆ ಯಾವ ಕಡೆ ಎಂದು ಕೇಳಿದ, ಮಾತು ಅತ್ತ ಹೋಯಿತು.

ಸಂಜೆ ಎರ್ಮೆಲಿಂದಾಳ ಮನೆಗೆ ಹೋಗಿ, ನಾಳೆ ಬೆಳಿಗ್ಗೆ ಗಿರಣಿ ನೋಡಿಕೊಳ್ಳಲು ಆಗುತ್ತದೆಯೇ, ಮೋಟಾರ್ ಹಾಕಲು ಬರುತ್ತದೆಯೇ ಎಂದು ಕೇಳಿದೆ.

"ಏನ್ ಕೊಮಾದ್ರೆ, ಮೂರು ವಾರದಿಂದ ದಿನಾ ನಿಲ್ಲಿಸ್ಕೊಂಡು ಕಲಿಸ್ತಿದೀಯಲ್ಲ," ಎಂದಳು.

ಯೋಚಿಸಿ ನೋಡಿದೆ. ಹೌದು, ಕಲಿಸಿದ್ದೇನೆ.